ಇಂಚಿನ ಲೆಕ್ಕ, ಅಕ್ಷರದ ಲೆಕ್ಕ

ಮನೆಗೆ ಕಂಪ್ಯೂಟರಿನ ದೊಡ್ಡ ಪರದೆ ತರುವ ಮಾತು ಬಂದರೆ ಸಾಕು, ನಮ್ಮ ಗಂಡಸರ ಬಾಯಲ್ಲಿ ಎರಡೇ ಪ್ರಶ್ನೆ. ಎಷ್ಟು ಇಂಚು? ಎಷ್ಟು ರೂಪಾಯಿ? ಈ ಎರಡಕ್ಕೂ ಉತ್ತರ ಸಿಕ್ಕಿ, ಆಮೇಲೂ ಎರಡು ಕಂಪನಿಗಳ ನಡುವೆ ತೀರ್ಮಾನವಾಗದೆ ಉಳಿದರೆ ಮೂರನೆಯ ಪ್ರಶ್ನೆ ಬರುತ್ತದೆ: ನಡುಮನೆಯಲ್ಲಿ ಇಟ್ಟರೆ ಯಾವುದು ಲಕ್ಷಣವಾಗಿ ಕಾಣುತ್ತದೆ? ಅದರ ಮುಂದೆ ಕೂರುವವರು ಯಾರು, ದಿನಕ್ಕೆ ಎಷ್ಟು ಹೊತ್ತು, ಏನು ಕೆಲಸಕ್ಕೆ ಎಂಬುದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ. ರೇಟು ಮತ್ತು ನೋಟ ಎಂಬ ಎರಡೇ ಅಳತೆಗೋಲು ಹಿಡಿದು ಆರಿಸಿದ ಪರದೆ, ಬಂದುಹೋಗುವ ನೆಂಟರಿಗಾಗಿ ಕೊಂಡ ಪರದೆ. ದುಡಿಯುವವರ ಕಣ್ಣಿಗೂ ಅದಕ್ಕೂ ಸಂಬಂಧವಿಲ್ಲ.

ನಮ್ಮ ಮನೆ ಇರುವುದು ಶಂಕರಘಟ್ಟದಲ್ಲಿ. 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ಜ್ಞಾನಸಹ್ಯಾದ್ರಿ ಇರುವ ಊರು ಎಂದರೆ ಬೇಗ ಗುರುತು ಸಿಗುತ್ತದೆ. ವಿಶ್ವವಿದ್ಯಾಲಯ ಇದ್ದ ಕಡೆ ಸಂಶೋಧನೆ, ಸಂಶೋಧನೆ ಇದ್ದ ಕಡೆ ಮಹಾಪ್ರಬಂಧ, ಮಹಾಪ್ರಬಂಧ ಇದ್ದ ಕಡೆ ಟೈಪಿಂಗು, ಜೆರಾಕ್ಸು, ಬೈಂಡಿಂಗು. ನನ್ನ ಸೊಸೆ ಮಗು ಹುಟ್ಟಿದ ಮೇಲೆ ಹೊರಗಿನ ಕೆಲಸ ಬಿಟ್ಟು ಮನೆಯಲ್ಲೇ ಕನ್ನಡ ಟೈಪಿಂಗ್ ಮಾಡಿಕೊಡುತ್ತಾಳೆ. ಪುಟಕ್ಕೆ ಇಪ್ಪತ್ತು ರೂಪಾಯಿ. ವಿದ್ಯಾರ್ಥಿಗಳು ಕೈಬರಹದ ಹಾಳೆಗಳ ಫೋಟೋ ತೆಗೆದು ಮೊಬೈಲಿಗೆ ಕಳಿಸುತ್ತಾರೆ. ಇವಳು ಅದನ್ನು ನೋಡಿಕೊಂಡು ನುಡಿ ತಂತ್ರಾಂಶದಲ್ಲಿ ಹೊಡೆಯುತ್ತಾಳೆ. ಮಗು ಮಲಗಿದ ಮೇಲೆ ಮಧ್ಯಾಹ್ನ ಮೂರು ಗಂಟೆ, ರಾತ್ರಿ ಊಟವಾದ ಮೇಲೆ ಮೂರು ಗಂಟೆ. ಪ್ರಬಂಧ ಒಪ್ಪಿಸುವ ಕೊನೆಯ ವಾರಗಳಲ್ಲಿ ಎಂಟೂ ಆಗುತ್ತದೆ, ಹತ್ತೂ ಆಗುತ್ತದೆ. ಹಳೆಯ ಸಣ್ಣ ಪರದೆಯ ಅಂಚಿನಲ್ಲಿ ಗೆರೆ ಬಿದ್ದು, ಹೊಸದು ತರಲೇಬೇಕಾದಾಗ ಮನೆಯಲ್ಲಿ ಸಭೆ ಸೇರಿತು. ಸಭೆಯಲ್ಲಿ ನಮ್ಮನೆಯವರು, ನನ್ನ ಮಗ, ಮೊಬೈಲಿನಲ್ಲಿ ಅವನ ಗೆಳೆಯ. ಸೊಸೆ ಒಳಗೆ ಕಾಫಿ ಮಾಡುತ್ತಿದ್ದಳು.

ಸಭೆಯ ಮುಂದೆ ಇದ್ದದ್ದು ಎರಡು. ಒಂದು 32 ಇಂಚಿನದು. ಬಾಳೆಲೆ ಬಾಡಿದ ಹಾಗೆ ಎರಡೂ ಕಡೆ ಒಳಗೆ ಬಾಗಿದ್ದು, ಹಿಂಭಾಗದಲ್ಲಿ ನೀಲಿ ದೀಪ, ಬೆಲೆ ಹದಿನೈದೂವರೆ ಸಾವಿರ. ಇನ್ನೊಂದು 27 ಇಂಚು, ಚಪ್ಪಟೆ, ಕಪ್ಪು, ಯಾವ ಒಯ್ಯಾರವೂ ಇಲ್ಲ, ಹದಿನೇಳೂವರೆ ಸಾವಿರ. ‘ಐದಿಂಚು ಕಮ್ಮಿ, ಎರಡು ಸಾವಿರ ಜಾಸ್ತಿ! ಇದರಲ್ಲಿ ಯೋಚನೆ ಮಾಡೋಕೆ ಏನಿದೆ?’ ಎಂದರು ನಮ್ಮನೆಯವರು. ಬಾಗಿದ್ದನ್ನು ತಂದರೆ ನಡುಮನೆಗೆ ಒಂದು ಕಳೆ ಬರುತ್ತದೆ ಎಂದ ಮಗ. ಇಂಚಿಗೆ ಇಷ್ಟು ರೂಪಾಯಿ ಎಂದು ಭಾಗಿಸಿಯೂ ತೋರಿಸಿದ. ಅಡಿಕೆ ಕ್ವಿಂಟಾಲಿಗೆ ಇಷ್ಟು ಎನ್ನುವ ಹಾಗೆ.

ಹೆಂಗಸರಿಗೆ ಇದೆಲ್ಲ ತಿಳಿಯುವುದಿಲ್ಲ ಎನ್ನುವವರಿಗೆ ನಾನು ಹೇಳುವುದು ಇಷ್ಟೆ: ಕಂಪ್ಯೂಟರಿನ ಪರದೆ ಏನೆಂದು ಚುಕ್ಕಿ ರಂಗೋಲಿ ಹಾಕಿದವಳಿಗೆ ತಿಳಿಯುವಷ್ಟು ಬೇರೆ ಯಾರಿಗೂ ತಿಳಿಯದು. ಪರದೆ ಎಂದರೆ ಅಡ್ಡಸಾಲು, ಉದ್ದಸಾಲುಗಳಲ್ಲಿ ಇಟ್ಟ ಚುಕ್ಕಿಗಳು. ಪಿಕ್ಸೆಲ್ ಎನ್ನುವುದು ಅದನ್ನೇ. ಫುಲ್ ಎಚ್‌ಡಿ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಅಡ್ಡಲಾಗಿ 1920, ಮೇಲಿಂದ ಕೆಳಕ್ಕೆ 1080; ಗುಣಿಸಿದರೆ 20,73,600 ಚುಕ್ಕಿ. ಅದು 24 ಇಂಚಿನ ಪರದೆಯಲ್ಲೂ ಅಷ್ಟೆ, 32 ಇಂಚಿನದರಲ್ಲೂ ಅಷ್ಟೆ! 32ರ ಮೈ 24ರ ಮೈಗಿಂತ ಒಂದೂ ಮುಕ್ಕಾಲು ಪಟ್ಟು ಅಗಲ. ಚುಕ್ಕಿ ಒಂದೂ ಹೆಚ್ಚಿಲ್ಲ. ಹದಿನೈದು ಚುಕ್ಕಿಯ ರಂಗೋಲಿಯನ್ನು ಬಾಗಿಲ ಮುಂದೆ ಹಾಕಿದರೂ ಅಷ್ಟೇ ಎಳೆ, ಅಂಗಳದ ತುಂಬ ಹರಡಿ ಹಾಕಿದರೂ ಅಷ್ಟೇ ಎಳೆ. ಅಂಗಳದಲ್ಲಿ ಹಾಕಿದರೆ ದೂರದಿಂದ ಕಾಣುತ್ತದೆ, ಸರಿ. ಆದರೆ ಹೊಸದೊಂದು ಹೂವನ್ನು ಒಳಗೆ ಸೇರಿಸಲು ಆಗುವುದಿಲ್ಲ. ಫುಲ್ ಎಚ್‌ಡಿಯ 24 ಇಂಚಿನಲ್ಲಿ ಒಂದು ಇಂಚಿಗೆ ಸುಮಾರು 92 ಚುಕ್ಕಿ ಕೂರುತ್ತವೆ, 27ರಲ್ಲಿ 82, 32ರಲ್ಲಿ 69. ನಮ್ಮನೆಯವರು ಬೇಡವೆಂದ ಆ ಕಪ್ಪು 27 ಇಂಚಿನದು ಬೇರೆ ಜಾತಿ. ಅದರಲ್ಲಿ 2560ಕ್ಕೆ 1440, ಅಂದರೆ 36,86,400 ಚುಕ್ಕಿ, ಇಂಚಿಗೆ 109. ಎರಡು ಸಾವಿರ ಹೆಚ್ಚು ಏತಕ್ಕೆ ಎಂದು ಕೇಳಿದರಲ್ಲ, ಹದಿನಾರು ಲಕ್ಷ ಚುಕ್ಕಿಗೆ.

ಇಷ್ಟೆಲ್ಲ ಚುಕ್ಕಿ ಯಾಕೆ ಬೇಕು? ಇಂಗ್ಲಿಷಿನವರಿಗೆ ಅಷ್ಟು ಬೇಡವೇನೋ. ಅವರ ಅಕ್ಷರಗಳು ರೈಲಿನ ಡಬ್ಬಿಗಳಂತೆ ಒಂದರ ಪಕ್ಕ ಒಂದು ನಿಲ್ಲುತ್ತವೆ. ನಮ್ಮದು ಹಾಗಲ್ಲ. ನಮ್ಮ ಅಕ್ಷರಕ್ಕೆ ತಲೆಯ ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕಾಲ ಕೆಳಗೆ ಒತ್ತು. ‘ಸ್ತ್ರೀ’ ಎಂದು ಬರೆದು ನೋಡಿ. ಸಕಾರ, ಅದರ ಕೆಳಗೆ ತಕಾರದ ಒತ್ತು, ಅದಕ್ಕೂ ಅಂಟಿಕೊಂಡು ರಕಾರದ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ. ಒಂದೇ ಅಕ್ಷರದ ಜಾಗದಲ್ಲಿ ಒಂದು ಅವಿಭಕ್ತ ಕುಟುಂಬವೇ ಇದೆ. ಹನ್ನೆರಡು ಪಾಯಿಂಟಿನ ಅಕ್ಷರ ಎಂದರೆ ಇಂಚಿನ ಆರನೆಯ ಒಂದು ಭಾಗ ಎತ್ತರ. ಕಾಗದದ ಮೇಲೆ ಕಾಣುವ ಅಳತೆಯಲ್ಲೇ ಪರದೆಯ ಮೇಲೂ ಇಟ್ಟುಕೊಂಡರೆ, ಆ ಬಾಗಿದ 32 ಇಂಚಿನಲ್ಲಿ ಈ ಕುಟುಂಬಕ್ಕೆಲ್ಲ ಸೇರಿ ಎತ್ತರಕ್ಕೆ ಸಿಗುವುದು ಹನ್ನೊಂದು ಹನ್ನೆರಡು ಚುಕ್ಕಿ. ಅಷ್ಟರಲ್ಲೇ ತಲೆಯಿಂದ ಕಾಲಿನವರೆಗೆ ಎಲ್ಲರೂ ಹೊಂದಿಕೊಳ್ಳಬೇಕು. ಆ 27 ಇಂಚಿನಲ್ಲಿ ಹದಿನೆಂಟು ಸಿಗುತ್ತದೆ. ಹನ್ನೆರಡರಲ್ಲಿ ಒತ್ತು ಒಂದಕ್ಕೊಂದು ಮೆತ್ತಿಕೊಂಡು ಕಪ್ಪು ಮುದ್ದೆಯಾಗುತ್ತದೆ. ಹದಿನೆಂಟರಲ್ಲಿ ಬಿಡಿಸಿಕೊಂಡು ನಿಲ್ಲುತ್ತದೆ.

ಮಹಾಪ್ರಾಣದ ಕಷ್ಟ ಇನ್ನೊಂದು. ಮೂವತ್ತು ವರ್ಷದ ಹತ್ತಿರ ಹೈಸ್ಕೂಲು ಮಕ್ಕಳ ಕನ್ನಡ ಉತ್ತರಪತ್ರಿಕೆ ತಿದ್ದಿದ್ದೇನೆ. ಅರ್ಧದಷ್ಟು ಕೆಂಪು ಶಾಯಿ ಹೊಟ್ಟೆ ಸೀಳುವುದರಲ್ಲೇ ಖರ್ಚಾಗಿದೆ. ‘ದನ’ಕ್ಕೂ ‘ಧನ’ಕ್ಕೂ ಇರುವ ಅಂತರ ಕೆಳಗಿನ ಒಂದು ಸಣ್ಣ ಸೀಳು. ಚುಕ್ಕಿ ಕಡಿಮೆಯಾದ ಪರದೆಯಲ್ಲಿ ಆ ಸೀಳಿಗೆ ಒಂದೋ ಎರಡೋ ಚುಕ್ಕಿ ಸಿಕ್ಕರೆ ಪುಣ್ಯ. ರಾತ್ರಿ ಹನ್ನೊಂದು ಗಂಟೆಗೆ, ಕಣ್ಣು ಉರಿಯುವಾಗ, ನೂರಾ ಎಪ್ಪತ್ತನೆಯ ಪುಟದಲ್ಲಿ, ಅದು ಇದೆಯೋ ಇಲ್ಲವೋ ಎಂದು ಮೂಗನ್ನು ಪರದೆಗೆ ತಾಗಿಸಿ ನೋಡುವವಳು ನನ್ನ ಸೊಸೆ. ತಪ್ಪು ಉಳಿದರೆ ಮಾರ್ಗದರ್ಶಕರು ವಿದ್ಯಾರ್ಥಿಗೆ ಬೈಯುತ್ತಾರೆ, ವಿದ್ಯಾರ್ಥಿ ಇವಳಿಗೆ ಫೋನು ಮಾಡುತ್ತಾನೆ, ಇವಳು ಆ ಪುಟವನ್ನು ಪುಕ್ಕಟೆಯಾಗಿ ಮತ್ತೆ ತಿದ್ದುತ್ತಾಳೆ. ಪರದೆಯ ಹಿಂದಿನ ನೀಲಿ ದೀಪ ಆಗ ಯಾವ ಉಪಕಾರಕ್ಕೂ ಬಾರದು.

‘ಕಾಣದಿದ್ದರೆ ಝೂಮ್ ಮಾಡಿಕೊಂಡರಾಯ್ತಲ್ಲಮ್ಮ’ ಎಂದ ಮಗ. ಮಾಡಿಕೊಳ್ಳಬಹುದು. ಅಕ್ಷರ ದೊಡ್ಡದಾಗುತ್ತದೆ, ಅರ್ಧ ಪುಟ ಪರದೆಯಿಂದ ಆಚೆ ಹೋಗುತ್ತದೆ. ಮೇಲೆ ಸರಿಸು, ಕೆಳಗೆ ಸರಿಸು, ಎಡಕ್ಕೆ ಎಳೆ. ಹಾಗಾದರೆ 32 ಇಂಚು ತಂದದ್ದು ಯಾವ ಸುಖಕ್ಕೆ?

ಇಂಚಿನ ಲೆಕ್ಕದಲ್ಲಿ ಇನ್ನೊಂದು ಮೋಸ ಇದೆ. ಅದು ಮೂಲೆಯಿಂದ ಮೂಲೆಗೆ ಅಳೆದ ಇಂಚು. ನಮ್ಮ ನೆರೆಯವರೊಬ್ಬರು 29 ಇಂಚಿನ ಉದ್ದನೆಯ ಪರದೆ ತಂದಿದ್ದಾರೆ, ಸಿನಿಮಾ ಥಿಯೇಟರಿನ ಹಾಗೆ ಅಡ್ಡಕ್ಕೆ ಹಬ್ಬಿದ್ದು. ‘24ಕ್ಕಿಂತ ಐದಿಂಚು ದೊಡ್ಡದು ಮೇಡಂ’ ಎಂದು ತೋರಿಸಿದರು. ಸ್ಕೇಲು ತಂದು ಅಳೆದೆ. ಟೀಚರು ಅಂದಮೇಲೆ ಚೀಲದಲ್ಲಿ ಸ್ಕೇಲು ಇರುತ್ತದಲ್ಲ. ಎತ್ತರ ಹನ್ನೊಂದೂಕಾಲು ಇಂಚು. ಸಾಧಾರಣ 24 ಇಂಚಿನದರ ಎತ್ತರ ಹನ್ನೊಂದೂ ಮುಕ್ಕಾಲು. ಐದಿಂಚು ದೊಡ್ಡದು ಅರ್ಧ ಇಂಚು ಗಿಡ್ಡ! ನಾವು ಬಳಸುವ ಎ-4 ಹಾಳೆಯ ಉದ್ದ 297 ಮಿಲಿಮೀಟರ್, ಅಂದರೆ ಹನ್ನೊಂದೂ ಮುಕ್ಕಾಲು ಇಂಚಿಗೆ ಕೂದಲೆಳೆ ಕಡಿಮೆ. ಇಡೀ ಪುಟವನ್ನು ಅದರ ನಿಜವಾದ ಅಳತೆಯಲ್ಲಿ ನೋಡಲು ಆ 29 ಇಂಚಿನಲ್ಲಿ ಜಾಗವೇ ಇಲ್ಲ. ಅದೇ 27 ಇಂಚಿನದು ಹದಿಮೂರು ಇಂಚಿಗೂ ತುಸು ಹೆಚ್ಚು ಎತ್ತರ, ಇಪ್ಪತ್ತಮೂರೂವರೆ ಅಗಲ. ಎರಡು ಪುಟ ಪಕ್ಕಪಕ್ಕ ಕೂರುತ್ತವೆ. ಒಂದು ಕಡೆ ಕೈಬರಹದ ಫೋಟೋ, ಒಂದು ಕಡೆ ಟೈಪಾಗುತ್ತಿರುವ ಪುಟ. ಕತ್ತು ಬಗ್ಗಿಸಿ ಮೊಬೈಲು ನೋಡಿ, ಕತ್ತು ಎತ್ತಿ ಪರದೆ ನೋಡಿ, ಮತ್ತೆ ಬಗ್ಗಿಸಿ. ಆ ಕಷ್ಟ ತಪ್ಪುತ್ತದೆ.

ಇಲ್ಲಿ ನನಗೆ ಸೀರೆ ಅಂಗಡಿಯ ನೆನಪಾಗದೆ ಇರುವುದಿಲ್ಲ. ಗಾಂಧಿ ಬಜಾರಿನಲ್ಲಿ ಸೀರೆ ಆರಿಸಲು ಎರಡು ಗಂಟೆ ತೆಗೆದುಕೊಂಡೆವೆಂದು ನಮ್ಮನ್ನು ಎಷ್ಟು ಹಾಸ್ಯ ಮಾಡಿಲ್ಲ! ಹಾಸ್ಯ ಲೇಖಕರ ಅರ್ಧ ಸರಕು ಅದೇ. ಆದರೆ ಆ ಎರಡು ಗಂಟೆ ನಾವು ಮಾಡುವುದೇನು? ಸೆರಗು ಬಿಡಿಸುತ್ತೇವೆ. ಮಗ್ಗುಲು ಬದಲಿಸಿ ಒಳಮೈ ನೋಡುತ್ತೇವೆ, ಜರಿಯ ಎಳೆ ಸಡಿಲವಿದೆಯೇ ಎಂದು. ಬೆರಳಿಗೆ ಉಜ್ಜುತ್ತೇವೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಬಣ್ಣ ನಂಬದೆ ಬಾಗಿಲ ಬಿಸಿಲಿಗೆ ಹಿಡಿಯುತ್ತೇವೆ. ಯಾರಿಗೆ, ಯಾವ ಸಂದರ್ಭಕ್ಕೆ, ಅವರ ಮೈಬಣ್ಣ ಏನು, ಒಗೆದರೆ ಏನಾಗುತ್ತದೆ, ಎಲ್ಲ ಯೋಚಿಸುತ್ತೇವೆ. ಹದಿನೈದು ಸಾವಿರದ ಪರದೆಯನ್ನು ಹತ್ತು ನಿಮಿಷದಲ್ಲಿ, ಅದೂ ಮೊಬೈಲಿನ ಚಿತ್ರ ನೋಡಿ ಆರಿಸುವವರು ಸಾವಿರ ರೂಪಾಯಿಯ ಸೀರೆಗೆ ಎರಡು ಗಂಟೆ ಕೊಡುವವರನ್ನು ನೋಡಿ ನಗುತ್ತಾರೆ. ರೇಟು ಮತ್ತು ನೋಟ ನೋಡಿ ತೀರ್ಮಾನಿಸುವ ಕ್ರಮವಂತೂ ನಮಗೆ ಚೆನ್ನಾಗಿ ಗೊತ್ತು. ಎದುರಿಗೆ ಉಪ್ಪಿಟ್ಟು ಕೇಸರಿಬಾತು ಇಟ್ಟು ನಮ್ಮನ್ನೇ ಹಾಗೆ ನೋಡಿಹೋದವರಿದ್ದಾರೆ. ಇರಲಿ, ಅದು ಬೇರೆ ಪ್ರಬಂಧ.

ನೋಟ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಇಡುವ ವಸ್ತು ಕಣ್ಣಿಗೆ ಹಿತವಾಗಿರಲಿ. ಆದರೆ ಪರದೆಯ ಲಕ್ಷಣ ಇರುವುದು ಅದು ಉರಿಯುವಾಗ, ಅಂಗಡಿಯವರು ತೋರಿಸುವುದು ಆರಿಸಿ ಇಟ್ಟಾಗ. ಕನ್ನಡಿಯಂತೆ ಮಿನುಗುವ ಮೈ ಇದ್ದರೆ ಆರಿಸಿಟ್ಟಾಗ ಬಲು ಚಂದ. ಹಚ್ಚಿದಾಗ ಎದುರಿನ ಕಿಟಕಿ, ಕಿಟಕಿಯಾಚೆಯ ತೆಂಗಿನಮರ, ಬಟ್ಟೆ ಒಣಗಿಸುವ ಹಗ್ಗ, ಎಲ್ಲ ಅಕ್ಷರಗಳ ಮೇಲೆ ತೇಲುತ್ತವೆ. ಮಂಕು ಮೈಯ ಪರದೆಗೆ ಆ ಪೀಡೆ ಕಡಿಮೆ. ಬಾಗಿದ್ದು ಆಟಕ್ಕೆ, ಸಿನಿಮಾಕ್ಕೆ ಚೆನ್ನ; ಕೋಷ್ಟಕದ ನೇರ ಗೆರೆ ಎಳೆಯುವಾಗ ಅದು ನೇರವೋ ಸೊಟ್ಟವೋ ಎಂಬ ಅನುಮಾನ ಹುಟ್ಟಿಸುತ್ತದೆ. 144 ಹರ್ಟ್ಸ್, 165 ಹರ್ಟ್ಸ್ ಎಂದು ದೊಡ್ಡದಾಗಿ ಬರೆದಿರುತ್ತಾರಲ್ಲ, ಚಿತ್ರ ಸೆಕೆಂಡಿಗೆ ಎಷ್ಟು ಸಲ ಬದಲಾಗಬಲ್ಲದು ಎಂಬ ಲೆಕ್ಕ ಅದು. ವೇಗದ ಆಟ ಆಡುವ ಹುಡುಗರಿಗೆ ಬೇಕು. ‘ಸ್ತ್ರೀ’ ಎಂಬ ಅಕ್ಷರ ಪುಟದಲ್ಲಿ ಸುಮ್ಮನೆ ನಿಂತಿರುತ್ತದೆ, ಓಡುವುದಿಲ್ಲ.

ಇನ್ನು ಸ್ಟ್ಯಾಂಡು. ಇದನ್ನು ಯಾರೂ ನೋಡುವುದಿಲ್ಲ, ನೋಡಬೇಕಾದದ್ದು ಇದನ್ನೇ. ಅಗ್ಗದ ಪರದೆಗಳ ಸ್ಟ್ಯಾಂಡು ಮೇಲೆ ಕೆಳಗೆ ಆಗುವುದಿಲ್ಲ. ಆಮೇಲೆ ಅದರ ಕೆಳಗೆ ನಿಘಂಟು, ಹಳೆಯ ಟೆಲಿಫೋನ್ ಡೈರೆಕ್ಟರಿ, ಮಕ್ಕಳ ಅಟ್ಲಾಸು ಇಟ್ಟು ಎತ್ತರಿಸುತ್ತೇವೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಇರಬೇಕು, ಒಂದು ತೋಳಿನಷ್ಟು ದೂರದಲ್ಲಿ. ನನ್ನ ಹಾಗೆ ಐವತ್ತು ದಾಟಿ ಬೈಫೋಕಲ್ ಕನ್ನಡಕ ಹಾಕುವವರಿಗೆ ಇನ್ನೂ ಕೆಳಗೆ ಬೇಕು. ಇಲ್ಲದಿದ್ದರೆ ಕನ್ನಡಕದ ಕೆಳಭಾಗದಿಂದ ನೋಡಲು ಗದ್ದ ಮೇಲೆತ್ತಿ ಕೂತು, ಸಂಜೆಗೆ ಕತ್ತು ಹಿಡಿದುಕೊಳ್ಳುತ್ತದೆ. ಒಂದೇ ಪರದೆಯನ್ನು ಅತ್ತೆಯೂ ಸೊಸೆಯೂ ಬಳಸುವ ಮನೆಯಲ್ಲಿ ಏರಿಸಿ ಇಳಿಸುವ ಸ್ಟ್ಯಾಂಡು ಎಷ್ಟು ಜಗಳ ತಪ್ಪಿಸುತ್ತದೆ ಎಂದು ಅದನ್ನು ಮಾಡಿದವರಿಗೂ ಗೊತ್ತಿರಲಾರದು. ಸ್ಟ್ಯಾಂಡಿಗೆ ಬೆಲೆ ಕಟ್ಟುವುದರಲ್ಲಿ ಅಮೆರಿಕದವರು ಇನ್ನೊಂದು ತುದಿ. 2019ರಲ್ಲಿ ಆಪಲ್ ಕಂಪನಿ 32 ಇಂಚಿನ ಪರದೆಯೊಂದನ್ನು 4,999 ಡಾಲರಿಗೆ ತಂದು, ಸ್ಟ್ಯಾಂಡು ಬೇಕಾದರೆ ಬೇರೆ 999 ಡಾಲರು ಎಂದಿತು. ಅಲ್ಲಿ ಕುಳಿತಿದ್ದ ಅವರ ಅಭಿಮಾನಿಗಳೇ ಗುಜುಗುಜು ಎಂದರಂತೆ.

ಬೆಲೆಯ ಮಾತಿಗೆ ಬರುತ್ತೇನೆ. ಎರಡು ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ. ಪುಟಕ್ಕೆ ಇಪ್ಪತ್ತರಂತೆ ಸೊಸೆಯ ನೂರು ಪುಟದ ದುಡಿಮೆ ಅದು. ಆದರೆ ಆ ನೂರು ಪುಟ ದುಡಿಯುವವಳು ಅವಳೇ. ಉಳಿಸಬೇಕೋ ತನ್ನ ಕಣ್ಣಿಗೆ ಹಾಕಬೇಕೋ ಎಂದು ಹೇಳಬೇಕಾದವಳೂ ಅವಳೇ. ಕೈಯಲ್ಲಿ ದುಡ್ಡು ಅಷ್ಟಿಲ್ಲ ಎನ್ನುವವರಿಗೆ ನನ್ನ ಸಲಹೆ, 24 ಇಂಚಿನ ಸಾದಾ ಫುಲ್ ಎಚ್‌ಡಿ ಕೊಳ್ಳಿ, ಒಂಬತ್ತು ಹತ್ತು ಸಾವಿರಕ್ಕೆ ಮರ್ಯಾದಸ್ಥ ಪರದೆ ಸಿಗುತ್ತದೆ. ಓದುಬರಹಕ್ಕೆ ಅದು ಹದಿನೈದೂವರೆ ಸಾವಿರದ ಆ ಬಾಗಿದ ಪರದೆಗಿಂತ ಮೇಲು. ದೊಡ್ಡದಕ್ಕೆ ಜಾಗ ಇಲ್ಲವೆಂದು ನಾನು ಹೇಳಲಾರೆ. ಕ್ಲಾಸಿನಲ್ಲಿ ಹತ್ತಡಿ ದೂರದ ಕೊನೆಯ ಬೆಂಚಿನಿಂದ ಮಕ್ಕಳು ನೋಡುವುದಾದರೆ ದೊಡ್ಡ ಚುಕ್ಕಿಯೇ ಸರಿ, ಅಷ್ಟು ದೂರದಿಂದ ಅದು ಒಡೆದು ಕಾಣುವುದಿಲ್ಲ. ಸೋಫಾದಲ್ಲಿ ಒರಗಿ ಕ್ರಿಕೆಟ್ ನೋಡುವುದಾದರೆ ಟಿ.ವಿ. ಕೊಳ್ಳಿ, ಟಿ.ವಿ. ಎಂದೇ ಕರೆಯಿರಿ, ಸೊಸೆಯ ಕೆಲಸಕ್ಕೆಂದು ಲೆಕ್ಕ ಬರೆಯಬೇಡಿ.

ತೆರಿಗೆ ಇಳಿದಿದೆ, ಬೇಗ ಬನ್ನಿ ಎಂದು ಕರೆಯುವ ಅಂಗಡಿಗಳಿವೆ. 2025ರ ಸೆಪ್ಟೆಂಬರ್ 22ರಂದು ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದದ್ದು 32 ಇಂಚಿಗಿಂತ ದೊಡ್ಡ ಪರದೆಗಳಿಗೆ. 32ರವರೆಗಿನವಕ್ಕೆ 2019ರ ಜನವರಿ 1ರಿಂದಲೇ 18 ಇತ್ತು. 24 ಇಂಚಿನದನ್ನು ತೋರಿಸಿ ಆ ಇಳಿಕೆಯ ಕತೆ ಹೇಳಿದರೆ ಅಂಗಡಿ ಬದಲಿಸಿ.

ನಮ್ಮ ಪಕ್ಕದ ಭದ್ರಾವತಿಯಲ್ಲಿ 1930ರ ದಶಕದಲ್ಲಿ ಶುರುವಾದ ಮೈಸೂರು ಕಾಗದ ಕಾರ್ಖಾನೆ ಇತ್ತು. ಯಂತ್ರಗಳು ನಿಂತು ಈಗ ವರ್ಷಗಳೇ ಆದವು. ಅದು ನಡೆಯುತ್ತಿದ್ದ ಕಾಲದಲ್ಲಿ ನೋಟ್‌ಬುಕ್ಕು ಕೊಳ್ಳುವಾಗ ನಾವು ಅದರ ಮೇಲಿನ ರಟ್ಟಿನ ಚಿತ್ರ ನೋಡಿ ಸುಮ್ಮನಾಗುತ್ತಿರಲಿಲ್ಲ. ಒಳಗಿನ ಹಾಳೆಯಲ್ಲಿ ಒಂದು ಗೆರೆ ಎಳೆದು, ಶಾಯಿ ಹರಡುತ್ತದೆಯೇ, ಹಿಂದಿನ ಪುಟಕ್ಕೆ ಇಳಿಯುತ್ತದೆಯೇ ಎಂದು ನೋಡುತ್ತಿದ್ದೆವು. ಪರದೆ ಈಗಿನ ಕಾಗದ. ಅದಕ್ಕೂ ಒಂದು ಗೆರೆ ಎಳೆದು ನೋಡುವ ಹಕ್ಕು ನಮಗಿದೆ.

ಈ ಮಾತು ಗಂಡಸರಿಗೆ ಹೇಳಿ ಮುಗಿಸಿದರೆ ಅನ್ಯಾಯವಾದೀತು. ನಾನು ಇಷ್ಟೆಲ್ಲ ವಾದ ಮಾಡುವಾಗ ಬಾಗಿಲಲ್ಲಿ ನಿಂತ ಸೊಸೆ ಹೇಳಿದ್ದೇನು ಗೊತ್ತೆ? ‘ಬಿಡಿ ಅತ್ತೆ, ನಂಗೇನು ಇದೆಲ್ಲ ಗೊತ್ತಾಗಲ್ಲ, ಅವರಿಗೆ ಯಾವುದು ಸರಿ ಕಾಣುತ್ತೋ ತರಲಿ.’ ನನಗೆ ಮೈ ಉರಿಯಿತು. ಲಕ್ಷಾಂತರ ಒತ್ತಕ್ಷರ ಹೊಡೆದ ಬೆರಳು, ಅರ್ಕಾವತ್ತು ಎಲ್ಲಿ ಕೂರಬೇಕೆಂದು ಪ್ರಾಧ್ಯಾಪಕರಿಗೇ ತಿಳಿಹೇಳುವ ಹುಡುಗಿ, ಅವಳಿಗೆ ಗೊತ್ತಾಗಲ್ಲವಂತೆ! ಈ ‘ಗೊತ್ತಾಗಲ್ಲ’ ಎನ್ನುವುದನ್ನು ನಾವು ವಿನಯ ಎಂದು ಕಲಿತಿದ್ದೇವೆ. ಮಿಕ್ಸಿ, ಕುಕ್ಕರು, ಗ್ರೈಂಡರು ಕೊಳ್ಳುವಾಗ ಅಂಗಡಿಯವನ ಬೆವರಿಳಿಸುವ ನಾವು, ಕಂಪ್ಯೂಟರು ಎಂದ ಕೂಡಲೇ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತೇವೆ. ಹಿಂದೆ ನಿಂತವಳ ಕಣ್ಣನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಶನಿವಾರ ಬೆಳಗಿನ ಶಾಲೆ ಮುಗಿಸಿ ಅವಳನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಹೋದೆ. ಮಗು ಅದರ ಅಜ್ಜನ ಹತ್ತಿರ. ಪೆನ್ ಡ್ರೈವಿನಲ್ಲಿ ಅವಳೇ ಟೈಪು ಮಾಡಿದ ಒಂದು ಅಧ್ಯಾಯ ಹಾಕಿಕೊಳ್ಳಲು ಹೇಳಿದ್ದೆ. ಅಂಗಡಿಯಲ್ಲಿ ಪರದೆಗಳ ಮೇಲೆಲ್ಲ ಜಲಪಾತ, ಗಿಳಿ, ಯಾವುದೋ ದೇಶದ ಹಿಮಬೆಟ್ಟ. ಯಾವ ಪರದೆಯಲ್ಲಿ ಗಿಳಿ ಚೆನ್ನಾಗಿ ಕಾಣುವುದಿಲ್ಲ ಹೇಳಿ? ಕನ್ನಡ ಪುಟ ತೆರೆದು ತೋರಿಸಿ ಎಂದೆವು. ಹುಡುಗ ಮೊದಲು ‘ಎಲ್ಲಾ ಒಂದೇ ಥರ ಕಾಣುತ್ತೆ ಮೇಡಂ’ ಎಂದ. ನಾವು ಕೂತೇ ಇದ್ದೆವು. ಕೊನೆಗೆ ಪೆನ್ ಡ್ರೈವು ಚುಚ್ಚಿದ. ಎರಡೂ ಪರದೆಯಲ್ಲಿ ಒಂದೇ ಪುಟ, ಕಾಗದದಲ್ಲಿ ಇರುವಷ್ಟೇ ದೊಡ್ಡದಾಗಿ. ಸೊಸೆ ಕುರ್ಚಿ ಎಳೆದುಕೊಂಡು, ಮನೆಯಲ್ಲಿ ಕೂರುವಷ್ಟೇ ದೂರದಲ್ಲಿ ಕೂತಳು. ‘ಶಾಸ್ತ್ರ’, ‘ರಾಷ್ಟ್ರ’, ‘ಸ್ತ್ರೀವಾದ’ ಇದ್ದ ಸಾಲುಗಳಿಗೆ ಇಳಿದು ಇಲ್ಲಿ ನೋಡಿದಳು, ಅಲ್ಲಿ ನೋಡಿದಳು. ಸ್ಟ್ಯಾಂಡನ್ನು ಇಳಿಸಿ ಏರಿಸಿದಳು. ಬಾಗಿಲ ಕಡೆಯ ಬೆಳಕು ಬೀಳುವಂತೆ ಪರದೆ ತಿರುಗಿಸಲು ಹೇಳಿದಳು. ವಾರಂಟಿ ಎಷ್ಟು ವರ್ಷ, ಚುಕ್ಕಿ ಸತ್ತರೆ ಬದಲಿಸಿ ಕೊಡುತ್ತಾರೆಯೇ ಎಂದು ಕೇಳಿದಳು. ನಾನು ಬಾಯಿ ಬಿಡಲೇ ಇಲ್ಲ. ಮುಕ್ಕಾಲು ಗಂಟೆ ಹಿಡಿಯಿತು.

‘ಇದು, ಚಪ್ಪಟೆಯದು’ ಎಂದಳು. ಹುಡುಗ ಬಿಲ್ಲಿನ ಪುಸ್ತಕ ತೆಗೆದು, ‘ಯಜಮಾನರ ಹೆಸರು ಹೇಳಿ ಮೇಡಂ’ ಎಂದು ನನ್ನ ಮುಖ ನೋಡಿದ. ನಾನು ಅವಳ ಕಡೆ ಕೈ ತೋರಿಸಿದೆ. ಅವಳು ಒಂದು ಗಳಿಗೆ ಸುಮ್ಮನಿದ್ದು, ತನ್ನ ಹೆಸರನ್ನು ಇನಿಶಿಯಲ್ಲು ಸಮೇತ ಹೇಳಿ ಬರೆಸಿದಳು. ಒತ್ತಕ್ಷರ ತಪ್ಪು ಬರೆದಿದ್ದ, ತಿದ್ದಿಸಿದಳು.